ಒಂಟಿ ಕಾಲೋನಿ ಬರವಲ್ದು ಅನ್ನೋರಿಗೆ: ನಡು ನಡು ಲೂಪ್ ಸುಟ್ಟೀರೇನು?

ಈ ಸಲ ಬಂದ ಪ್ರಶ್ನೆ ಎಲ್ಲಾ ಓದಿದ್ನಿ, ಅರ್ಧಕ್ಕಿಂತ ಹೆಚ್ಚು ಒಂದೇ ಪ್ರಶ್ನೆ, ಹೋದ ವರ್ಷನೂ ಅದೇ ಇತ್ತು, ಅದರ ಹಿಂದಿನ ವರ್ಷನೂ ಅದೇ. ಅದಕ್ಕ ಇವತ್ತು ಅದನ್ನ ಪೂರಾ ಬರದು ಮುಗಸ್ತೀನಿ. ಹೊಸಬರಿಗೆ ಹೇಳ್ತೀನಿ: ಪ್ಲೇಟ್ ಅಂದ್ರ ಅಗಾರ್ ಅನ್ನೂ ಜೆಲ್ಲಿ ಹಾಕಿದ ಬಟ್ಟಲು, ಕಾಲೋನಿ ಅಂದ್ರ ಅದರ ಮ್ಯಾಲೆ ಒಂದೇ ಬ್ಯಾಕ್ಟೀರಿಯಾದಿಂದ ಬೆಳೆದ ಗುಂಪು, ಲೂಪ್ ಅಂದ್ರ ಬ್ಯಾಕ್ಟೀರಿಯಾ ಎತ್ತಿ ಗೀಚೂ ತುದಿ ದುಂಡಗಿನ ತಂತಿ, ಗೀಚೂದಕ್ಕ ಸ್ಟ್ರೀಕ್ ಅಂತಾರ. ಏಪ್ರನ್ ಹಾಕೋಬೇಕು, ಬಾಯಿಂದ ಪಿಪೆಟ್ ಎಳೀಬಾರದು, ಲ್ಯಾಬ್‌ದಾಗ ತಿನ್ನಬಾರದು ಇವನ್ನೆಲ್ಲಾ ನಾ ಬರಿಯೂದಿಲ್ಲ.

ಪ್ರಶ್ನೆ: ಮೇಡಂ, ನಾ ಬಾಗಲಕೋಟ್ಯಾಗ ಎಂಎಸ್ಸಿ ಮೈಕ್ರೋಬಯಾಲಜಿ ಮೊದಲನೇ ವರ್ಷ ಓದಾಕತ್ತೀನಿ. ಎಷ್ಟು ಸಲ ಸ್ಟ್ರೀಕ್ ಮಾಡಿದ್ರೂ ಪ್ಲೇಟ್ ತುಂಬ ಒಂದೇ ಪದರ ಬರ್ತೈತಿ, ಒಂಟಿ ಕಾಲೋನಿ ಬರವಲ್ದು. ಪ್ರಾಕ್ಟೀಸ್‌ಗೆ ಅಂತ ಪ್ಲೇಟ್ ಕೊಡೂದಿಲ್ಲ. ನಿನ್ನ ಕೈಗುಣ ಸರಿ ಇಲ್ಲ ಅಂದ್ರು. ಸಬ್ಜೆಕ್ಟ್ ಬಿಡ್ಲೇನ್ರಿ?

ಬಿಡಬ್ಯಾಡ ತಂಗಿ. ಕೈಗುಣ ಅನ್ನೂದು ಲ್ಯಾಬ್‌ದಾಗ ಇಲ್ಲೇ ಇಲ್ಲ, ಆ ಮಾತು ನಿನಗ ಯಾರು ಹೇಳಿದ್ರೋ ಅವರ ಮ್ಯಾಲೆ ನನಗ ಸಿಟ್ಟು ಬಂದೈತಿ. ನಲವತ್ತು ಐವತ್ತು ಹುಡುಗರನ್ನ ಒಂದೇ ಟೇಬಲ್ ಸುತ್ತ ನಿಲ್ಲಿಸಿ ಒಂದೇ ಸಲ ತೋರಿಸ್ತಾರ, ಹಿಂದ ನಿಂತೋರಿಗೆ ಮುಂದಿನೋರ ಬೆನ್ನಷ್ಟೇ ಕಾಣ್ತೈತಿ, ಆಮ್ಯಾಲೆ ಬರಲಿಲ್ಲ ಅಂದ್ರ ಕೈ ಸರಿ ಇಲ್ಲ ಅಂದುಬಿಡ್ತಾರ.

ಮೊದ್ಲು ಲೆಕ್ಕ ತಿಳ್ಕೊ. ರಾತ್ರಿ ಇಡೀ ಬೆಳೆದ ಇ. ಕೋಲೈ ಅನ್ನೂ ಬ್ಯಾಕ್ಟೀರಿಯಾದ ಬ್ರಾತ್‌ದಾಗ (ಬೆಳಸೂ ದ್ರವದಾಗ) ಒಂದು ಎಂಎಲ್‌ಗೆ ಸುಮಾರು 100 ಕೋಟಿ ಬ್ಯಾಕ್ಟೀರಿಯಾ ಇರ್ತಾವು. ನಿನ್ನ ಲೂಪ್ 10 ಮೈಕ್ರೋಲೀಟರ್‌ದು ಆದ್ರ ಒಮ್ಮಿ ಅದ್ದಿದ್ರ 1 ಕೋಟಿ ಬಂತು. ಆ 1 ಕೋಟಿನ 90 ಎಂಎಂ ಪ್ಲೇಟ್‌ನ್ಯಾಗ ಬಿಡಿಸ್ಕೊಂತ ಹೋಗಿ ಕಡೀಕ ಒಂದೊಂದನ್ನ ದೂರ ದೂರ ಕೂಡಿಸಬೇಕು, ಸ್ಟ್ರೀಕಿಂಗ್ ಅಂದ್ರ ಅಷ್ಟೇ. ಪ್ಲೇಟ್‌ನ ನಾಕ ಭಾಗ ಮಾಡಿ ಒಂದಾದ ಮ್ಯಾಲೆ ಒಂದು ಗೀಚ್ತೀವಿ, ಮೊದಲನೇ ಭಾಗ ಗೀಚಿ ಲೂಪ್ ಸುಡದ ಎರಡನೇದಕ್ಕ ಹೋದಿ ಅಂದ್ರ ಆ ಕೋಟಿ ಹಿಂಡು ನಿನ್ನ ಹಿಂದನ ಬರ್ತೈತಿ, ನಾಕನೇ ಭಾಗದಾಗೂ ಪದರನ ಬೀಳ್ತೈತಿ. ನನ್ನ ಮುಂದ ಸ್ಟ್ರೀಕ್ ಮಾಡಿ ತೋರಿಸಿದ ಹುಡುಗರೊಳಗ ಹೆಚ್ಚಿನೋರು ಇಲ್ಲೇ ತಪ್ಪತಾರ, ಒಮ್ಮಿ ಶುರುವಿಗೆ ಸುಟ್ರು, ಒಮ್ಮಿ ಕಡೀಕ ಸುಟ್ರು, ನಡುವ ಸುಡೂದ ಇಲ್ಲ.

ಹೀಂಗ ಮಾಡು. ತಂತಿ ಬುಡದಿಂದ ತುದೀತನ ಕೆಂಪಗ ಆಗೂಮಟ ಸುಡು, ಹತ್ತು ಹದಿನೈದು ಸೆಕೆಂಡ್ ಆರಲಿ, ಇಲ್ಲಾಂದ್ರ ಅಗಾರ್‌ನ ಖಾಲಿ ಅಂಚಿಗೆ ಮುಟ್ಟಿಸು, ಚುಂಯ್ ಅಂತಂದ್ರ ಇನ್ನೂ ಬಿಸಿ ಐತಿ. ಕಲ್ಚರ್ (ಬೆಳಸಿದ ಬ್ಯಾಕ್ಟೀರಿಯಾ) ತಗೊಂಡು ಮೊದಲನೇ ಭಾಗದಾಗ ಒತ್ತೊತ್ತಾಗಿ ಗೀಚು. ಸುಡು, ಆರಿಸು. ಈಗ ಮೊದಲನೇ ಭಾಗದ ಅಂಚನ್ನ ಎರಡ ಮೂರ ಸಲ ಅಷ್ಟೇ ದಾಟು, ಆಮ್ಯಾಲೆ ಆ ಕಡೆ ಹೊಳ್ಳಿ ಹೋಗಬ್ಯಾಡ. ಮತ್ತ ಸುಡು, ಎರಡನೇದರ ಅಂಚಿನಿಂದ ಮೂರನೇದನ್ನೂ ಹಂಗ ಎಳಿ, ಮತ್ತ ಸುಡು. ನಾಕನೇದಕ್ಕ ಗೀಟಿನ ನಡುವ ಜಾಗ ಬಿಟ್ಟು ಎಳಿ, ಅದು ಮೊದಲನೇ ಭಾಗಕ್ಕ ಮುಟ್ಟಬಾರದು. ಲೂಪ್ ಪೆನ್ನಿನಂಗ ನೆಟ್ಟಗ ಹಿಡಿಯೂದಲ್ಲ, ಓರೆ ಮಾಡಿ ಮಲಗಿಸಿದಂಗ ಹಿಡಿ, ಕಾಸಿ ಆರಿಸಿದ ಹಾಲಿನ ಕೆನಿ ಹರಿಯದಂಗ ಮ್ಯಾಲೆ ಬೆರಳು ಆಡಿಸಿದಷ್ಟು ಹಗರಕ. ಅಗಾರ್ ಹರಿದ್ರ ಆ ಸೀಳಿನಾಗ ಬ್ಯಾಕ್ಟೀರಿಯಾ ಕುಂತು ಒತ್ತೊತ್ತಾಗಿ ಬೆಳೀತಾವು.

ಕೈ ಸರಿ ಇದ್ದೂ ಬರಲಿಲ್ಲ ಅಂದ್ರ ಪ್ಲೇಟ್ ನೋಡು, ಹಸಿ ಇರ್ತೈತಿ. ಅವಸರ ಮಾಡಿ 70-80 ಡಿಗ್ರಿ ಬಿಸಿ ಇದ್ದಾಗನ ಅಗಾರ್ ಸುರೀತೀರಿ, ಮುಚ್ಚಳಕ್ಕ ಹಬೆ ಹಿಡಿದು ಹನಿ ಕೆಳಗ ಬೀಳ್ತೈತಿ, ಆ ಹನಿಯೊಳಗ ಎಲ್ಲಾ ಕಾಲೋನಿ ಕೂಡಿ ಹರೀತಾವು. 45ರಿಂದ 50 ಡಿಗ್ರಿಗೆ ಬರಲಿ, ಅಂದ್ರ ಫ್ಲಾಸ್ಕ್ ಕೈಯಾಗ ಹಿಡಕೊಂಡು ನಿಲ್ಲಾಕ ಆಗಬೇಕು, ಹಂಗಂತ ಭಾಳ ಹೊತ್ತು ಬಿಟ್ರ 40ರ ಕೆಳಗ ಗಡ್ಡಿ ಕಟ್ಟತೈತಿ. ಒಂದು ಪ್ಲೇಟ್‌ಗೆ 20 ಎಂಎಲ್ ಸಾಕು. ಬೆಳಗಾವಿ ಮಳಿಗಾಲದಾಗ ಟೇಬಲ್ ಮ್ಯಾಲೆ ಇಟ್ರ ಪ್ಲೇಟ್ ದಿನಾ ಪೂರ್ತಿ ಒಣಗೂದಿಲ್ಲ, 37 ಡಿಗ್ರಿ ಇನ್‌ಕ್ಯುಬೇಟರ್‌ನ್ಯಾಗ ಬೋರಲ ಹಾಕಿ ಮುಚ್ಚಳ ಸ್ವಲ್ಪ ಸರಿಸಿ ಅರ್ಧ ತಾಸು ಇಟ್ಟು ತಗಿ. ಕಲ್ಚರ್ ಹಾಕಿದ ಮ್ಯಾಲೂ ಬೋರಲನ ಇಡಬೇಕು.

ಇನ್ನ ನಮ್ಮ ವಿಜಯಪುರದ ಕಡೆ ಬ್ಯಾರೆ ಕಷ್ಟ. ಏಪ್ರಿಲ್ ಮೇ ಒಳಗ 40 ಡಿಗ್ರಿ ದಾಟಿರ್ತೈತಿ, ಪಾಪ ಹುಡುಗರು ಫ್ಯಾನ್ ಹಚ್ಚತಾರ, ನನಗೂ ಸಂಕಟ ಗೊತ್ತಾಗ್ತೈತಿ, ಆದ್ರ ಪ್ಲೇಟ್ ತಗದಿರೂ ಹೊತ್ತಿನ್ಯಾಗ ಫ್ಯಾನ್ ಬಂದ್ ಇರಬೇಕು. ರೆಕ್ಕಿ ಮ್ಯಾಲಿನ ಧೂಳಿನ್ಯಾಗ ಬ್ಯಾಸಿಲಸ್ ಬ್ಯಾಕ್ಟೀರಿಯಾದ ಸ್ಪೋರ್ (ಬೀಜದಂಥಾ ಗಟ್ಟಿ ರೂಪ), ಆಸ್ಪರ್ಜಿಲಸ್ ಅನ್ನೂ ಬೂಸ್ಟು ಎಲ್ಲಾ ಇರ್ತಾವು, ನೆಟ್ಟಗ ಪ್ಲೇಟ್‌ಗೆ ಬಂದು ಕೂಡ್ತಾವು. ಕಂಟಾಮಿನೇಷನ್ (ಹೊರಗಿನ ಸೂಕ್ಷ್ಮಾಣು ಸೇರೂದು) ಹೌದೋ ಅಲ್ಲೋ ನೋಡೂದು ಸರಳ ಐತಿ, ನೀ ಎಳೆದ ಗೀಟಿನ ಮ್ಯಾಲೆ ಇಲ್ಲದ ಕಾಲೋನಿ ನಿಂದಲ್ಲ, ಅದು ಗಾಳಿದು. ಬೆಳಗಾವಿ ತಿಲಕವಾಡಿಯೊಳಗ ವ್ಯಾಕ್ಸಿನ್ ಡಿಪೋ ಐತೆಲ್ಲಾ, ಅಲ್ಲಿ ಹಿಂದ ಸಿಡುಬಿನ ಲಸಿಕಿ ಮಾಡ್ತಿದ್ರು, ಆ ಕಾಲಕ್ಕ ಸಿಡುಬಿನ ಲಸಿಕಿ ಬೆಳಸೂದು ಕರುವಿನ ಚರ್ಮದ ಮ್ಯಾಲೆ, ಅದರ ಕೂಡ ಬರೂ ಬ್ಯಾರೆ ಬ್ಯಾಕ್ಟೀರಿಯಾ ಸಾಯಲಿ ಅಂತ ಗ್ಲಿಸರಿನ್ ಕೂಡಿಸಿ ಇಡ್ತಿದ್ರು. ಕಂಟಾಮಿನೇಷನ್ ಕೂಡ ಅಷ್ಟು ಹಿಂದಿನಿಂದ ಬಡಿದಾಡ್ಕೊಂತ ಬಂದೇವಿ, ನೀವು ಫ್ಯಾನ್ ಒಂದು ಬಂದ್ ಮಾಡ್ರಿ.

ಪ್ರಾಕ್ಟೀಸ್‌ಗೆ ಪ್ಲೇಟ್ ಕೊಡೂದಿಲ್ಲ ಅಂತ ಬರದೀ. ಕಿರಾಣಿ ಅಂಗಡ್ಯಾಗ ಚೈನಾ ಗ್ರಾಸ್ ಸಿಗತೈತಿ, ಅದೂ ಅಗಾರ್‌ನ. 1881ರಾಗ ಫ್ಯಾನಿ ಹೆಸ್ಸೆ ಅನ್ನೂ ಹೆಣ್ಣುಮಗಳು ತನ್ನ ಅಡಗಿಮನಿಯೊಳಗಿನ ಅಗಾರ್ ಬಳಸ್ರಿ ಅಂತ ಗಂಡಗ ಹೇಳಿದ್ಲು, ಅಂವ ಬ್ಯಾಕ್ಟೀರಿಯಾ ವಿಜ್ಞಾನಿ ರಾಬರ್ಟ್ ಕಾಖ್ ಅವರ ಲ್ಯಾಬ್‌ದಾಗ ಕೆಲಸಾ ಮಾಡ್ತಿದ್ದ, ಅಲ್ಲಿಮಟ ಜೆಲಾಟಿನ್ ಬಳಸ್ತಿದ್ರು, ಅದು 37 ಡಿಗ್ರಿಗೆ ಕರಗಿ ನೀರಾಗ್ತಿತ್ತು. ನೀನೂ ಬರೇ ನೀರಾಗ ಅಗಾರ್ ಕುದಿಸಿ ಸ್ಟೀಲ್ ತಾಟಿಗೆ ಸುರಿದು, ತುದಿ ಬಗ್ಗಿಸಿದ ತಂತಿ ತಗೊಂಡು, ಹರಿಯದಂಗ ಗೀಟು ಎಳಿಯೂದು ಕಲಿ, ಬೆಳಕಿಗೆ ಓರೆ ಹಿಡಿದ್ರ ಗೀಟು ಕಾಣ್ತಾವು. ಇದರಾಗ ಬ್ಯಾಕ್ಟೀರಿಯಾ ಹಾಕಬ್ಯಾಡ, ಕೈ ಕಲಿಯೂದಷ್ಟೇ. ಇಪ್ಪತ್ತು ಸಲ ಮಾಡು, ಆಮ್ಯಾಲೆ ಲ್ಯಾಬ್‌ದಾಗ ಒಂದು ಪ್ಲೇಟ್ ಕೇಳು.

ಸ್ಪಿರಿಟ್ ಲ್ಯಾಂಪ್ ಮುಂದ ಓಢಣಿ ಪಿನ್ ಹಾಕಿ ಕೂಡು. ಹಗಲಿನ್ಯಾಗ ಸ್ಪಿರಿಟ್ ಉರಿ ಕಣ್ಣಿಗೆ ಕಾಣೂದ ಕಷ್ಟ. ನಾ ಓದೂ ಮುಂದ ನನ್ನ ಬಾಜೂಕ ಕುಂತಾಕಿ ಸ್ಪಿರಿಟ್‌ನ್ಯಾಗ ಅದ್ದಿ ಹೊತ್ತಿಸಿದ ಗಾಜಿನ ರಾಡ್ ಉರಿಯೂ ಮುಂದನ ಹೊಳ್ಳಿ ಸ್ಪಿರಿಟ್ ಬೀಕರ್‌ಗೆ ಇಟ್ಲು, ಬೀಕರ್ ಹೊತ್ಕೊಂಡು ಆಕಿ ಓಢಣಿಗೂ ಹತ್ತಿತು, ಯಾರೋ ಹಸಿ ಗೋಣಿತಾಟು ಒಗದು ಆರಿಸಿದ್ರು. ಅವತ್ತಿಂದ ನಾ ಇದರಾಗ ಯಾರ ಮಾತೂ ಕೇಳೂದಿಲ್ಲ.

ಪ್ರಶ್ನೆ: ಬ್ಯಾಕ್ಟೀರಿಯಾ ಕೊಲ್ಲಾಕ 70 ಪರ್ಸೆಂಟ್ ಸ್ಪಿರಿಟ್ ಯಾಕ, 100 ಇದ್ರ ಜೋರ್ ಇರೂದಿಲ್ಲೇನ್ರಿ?

ಇಲ್ಲ, ಬ್ಯಾಕ್ಟೀರಿಯಾದ ಪ್ರೋಟೀನ್ ಕೆಡಿಸಾಕ ನೀರು ಬೇಕು, 100 ಲಗೂನ ಹಾರಿ ಹೋಗ್ತೈತಿ.

ಪ್ರಶ್ನೆ: ಎಲೈಸಾ (ಬಣ್ಣ ಬಂದದ್ದು ನೋಡಿ ಹೇಳೂ ಪರೀಕ್ಷಾ) ಪ್ಲೇಟ್ ಪೂರಾ ನೀಲಿ ಆತ್ರಿ, ಬ್ಲ್ಯಾಂಕ್ (ಸ್ಯಾಂಪಲ್ ಹಾಕದ ಕುಣಿ) ಸುದ್ದಾ. ಕಿಟ್ ಖರಾಬ್ ಐತೇನು?

ಕಿಟ್‌ಗೆ ಬೈಬ್ಯಾಡ್ರಿ, ವಾಶ್ (ತೊಳಿಯೂದು) ಸರಿ ಮಾಡ್ರಿ, ತೊಳೀದ ಉಳಿದದ್ದ ಬಣ್ಣ ಕೊಡ್ತೈತಿ, ಪ್ರತಿ ವಾಶ್ ಆದ ಮ್ಯಾಲೆ ಬೋರಲ ಹಾಕಿ ಟಿಶ್ಯೂ ಮ್ಯಾಲೆ ಕುಟ್ಟಿ ಹನಿ ಉಳಿಯದಂಗ ತಗೀರಿ.

ಪ್ರಶ್ನೆ: ಮೇಡಂ, ನಾ ಇಮ್ಯುನಾಲಜಿ ಓದಾಕಿ, ನಮ್ಮಪ್ಪಗ ಎರಡ ದಿನದ ಜ್ವರಕ್ಕ ಊರಾಗಿನ ಲ್ಯಾಬ್‌ದಾಗ ವೈಡಾಲ್ (ಟೈಫಾಯ್ಡ್‌ಗೆ ಮಾಡೂ ರಕ್ತ ಪರೀಕ್ಷಾ) ಪಾಸಿಟಿವ್ ಬಂತು. ಟೈಫಾಯ್ಡ್ ಅಂತ ಸಲೈನ್ ಹಚ್ಚಿದ್ರು. ಹೌದೇನ್ರಿ?

ಈ ಪ್ರಶ್ನೆ ಓದಿ ನನಗ ಭಾಳ ತ್ರಾಸ ಆತು. ವೈಡಾಲ್ ನೋಡೂದು ಆಂಟಿಬಾಡಿನ (ರೋಗದ ಕೂಡ ಬಡಿದಾಡಾಕ ಮೈ ತಯಾರ ಮಾಡೂ ಪ್ರೋಟೀನ್), ಟೈಫಾಯ್ಡ್ ಬ್ಯಾಕ್ಟೀರಿಯಾನ ಅಲ್ಲ. ಆಂಟಿಬಾಡಿ ಏರಾಕ ಒಂದು ವಾರನಾದ್ರೂ ಬೇಕು, ಎರಡ ದಿನದಾಗ ಪಾಸಿಟಿವ್ ಅಂದ್ರ ಅದು ಹಳೇ ಸೋಂಕಿಂದೋ ಲಸಿಕಿದೋ ಇರಬಹುದು, ನಮ್ಮ ಕಡೆ ಎಷ್ಟೋ ಮಂದಿಗೆ ಅದು ಮೊದಲ ಇರ್ತೈತಿ. ಸ್ಲೈಡ್ ಮ್ಯಾಲೆ ಹನಿ ಹಾಕಿ, ಕಂಟ್ರೋಲ್ (ಹೋಲಿಸಿ ನೋಡೂ ಹನಿ) ಇಲ್ಲದ, ಹೊತ್ತು ನೋಡದ, ಒಣಗಿ ಕಾಳು ಕಟ್ಟಿದ್ದನ್ನ ಪಾಸಿಟಿವ್ ಅನ್ನೋರನ್ನ ನಾ ಕಣ್ಣಾರೆ ಕಂಡೀನಿ. ಆಂಟಿಬಯಾಟಿಕ್ ಶುರು ಮಾಡೂಕಿಂತ ಮೊದ್ಲು ಬ್ಲಡ್ ಕಲ್ಚರ್ (ರಕ್ತದಾಗಿನ ಬ್ಯಾಕ್ಟೀರಿಯಾ ಬೆಳಸಿ ನೋಡೂ ಪರೀಕ್ಷಾ) ಕಳಿಸಬೇಕು, ಮೊದಲನೇ ವಾರದಾಗ ಅದ ಖರೇ ಪರೀಕ್ಷಾ. ಡಿಗ್ರಿ ಇಲ್ಲದ ಸೂಜಿ ಚುಚ್ಚೂ ಡಾಕ್ಟರ್ ಕಡೆ ಹೋಗಬ್ಯಾಡ್ರಿ. ಅಪ್ಪಗ ಇನ್ನೂ ಜ್ವರ ಇದ್ರ ಇವತ್ತ ಜಿಲ್ಲಾ ಆಸ್ಪತ್ರಿಗೆ ಕರಕೊಂಡು ಹೋಗವಾ, ಏನೇನು ಔಷಧ ಕೊಟ್ಟಾರ ಅನ್ನೂ ಚೀಟಿ ಕೂಡ ಒಯ್ಯಿ.

ಪ್ರಶ್ನೆ: ಮೂರ ದಿನದಾಗ ಹದಿನೈದು ಟೆಕ್ನಿಕ್ ಕಲಿಸಿ ಸರ್ಟಿಫಿಕೇಟ್ ಕೊಡ್ತಾರಂತ, ರೊಕ್ಕ ಕಟ್ಟಲೇನು?

ಕಟ್ಟಬ್ಯಾಡ. ಪಿಪೆಟ್ ನಿನ್ನ ಕೈಯಾಗ ಎಷ್ಟ ತಾಸು ಇರ್ತೈತಿ ಅಂತ ಕೇಳಿ ನೋಡು, ಉತ್ತರ ಸಿಗೂದಿಲ್ಲ. ಪಿಪೆಟ್ ಹಿಡಿಯೂದು ನೀನ ಕಲಿ, 100 ಮೈಕ್ರೋಲೀಟರ್ ನೀರು 0.1 ಗ್ರಾಂ ತೂಗಬೇಕು, ನಿಮ್ಮ ಕಾಲೇಜಿನ ತಕ್ಕಡಿ ಮ್ಯಾಲೆ ಹತ್ತು ಸಲ ಹಾಕಿ ಹತ್ತೂ ಸಲ ಬರದಿಡು, ಒಂದಕ್ಕೊಂದು ಹತ್ತಿರ ಬರೂಮಟ ಮಾಡು.

ಪ್ರಶ್ನೆ: ನೋಡಿ ಆದ ಪ್ಲೇಟ್ ಏನ್ ಮಾಡೂದ್ರಿ?

ಆಟೋಕ್ಲೇವ್ (ಒತ್ತಡದ ಹಬೆಯಿಂದ ಸೂಕ್ಷ್ಮಾಣು ಕೊಲ್ಲೂ ಪಾತ್ರಿ), 121 ಡಿಗ್ರಿ, 15 ಪೌಂಡ್ ಪ್ರೆಶರ್, ಒಳಗಿನ ಗಾಳಿ ಪೂರಾ ಹೊರಗ ಹೋದ ಮ್ಯಾಲೆ ವಾಲ್ವ್ ಮುಚ್ಚಿ ಅರ್ಧ ತಾಸು. ಹಂಗ ಕಸದ ಡಬ್ಬಿಗೆ ಒಗದೋರನ್ನ ನಾ ಮುಂದಿನ ಪ್ರಾಕ್ಟಿಕಲ್‌ಗೆ ಒಳಗ ಬಿಡೂದಿಲ್ಲ.