ವೈ-ಫೈ ಕಡಿದುಹೋದರೆ ಐಸಿಯು ಮಾನಿಟರ್ ನಿಂತುಹೋಗುತ್ತದೆಯೇ?

ನಿಲ್ಲುವುದಿಲ್ಲ. ತಂದೆಯವರನ್ನು ಐಸಿಯುವಿನಲ್ಲಿಟ್ಟುಕೊಂಡು ಹೊರಗೆ ಕಾಯುತ್ತಿರುವ ನಿಮಗೆ ಮೊದಲು ಬೇಕಾದದ್ದು ಈ ಮಾತು. ಮಾನಿಟರ್‌ನ ಹಿಂದಿರುವ ತಂತಿಗಳು ಏಕೆ, ಅದು ವೈ-ಫೈ ನಂಬಿಕೊಂಡಿದೆಯೇ ಎಂದು ಕೇಳಿದ್ದೀರಿ. ಆಸ್ಪತ್ರೆಯೊಂದರ ಬಯೋಮೆಡಿಕಲ್ ವಿಭಾಗದಲ್ಲಿ ಈ ಯಂತ್ರಗಳ ಪರೀಕ್ಷೆ, ದುರಸ್ತಿಯೇ ನನ್ನ ಕೆಲಸ.

ಎದೆಗೆ ಅಂಟಿಸಿದ ಮೂರು ಅಥವಾ ಐದು ಇಸಿಜಿ ಲೀಡ್‌ಗಳು (ಹೃದಯದ ವಿದ್ಯುತ್ ಸಂಕೇತ ಹಿಡಿಯುವ ತಂತಿಗಳು), ಕೆಂಪು ಮತ್ತು ಅವಗೆಂಪು (ಇನ್‌ಫ್ರಾರೆಡ್) ಬೆಳಕು ಹಾಯಿಸಿ ಆಮ್ಲಜನಕದ ಪ್ರಮಾಣ ಅಳೆಯುವ ಬೆರಳಿನ ಕ್ಲಿಪ್, ತೋಳಿನ ಬಿಪಿ ಕಫ್ ಎಲ್ಲವೂ ನೇರವಾಗಿ ಮಾನಿಟರ್‌ಗೇ ಬರುತ್ತವೆ. ಲೆಕ್ಕ ನಡೆಯುವುದು ಅದರೊಳಗೇ, ಮಿತಿ ಮೀರಿದಾಗ ಅಲಾರಂ ಕೂಗುವುದೂ ಅಲ್ಲೇ. ಕರೆಂಟ್ ಹೋದರೆ ಒಳಗಿನ ಬ್ಯಾಟರಿ ಸ್ವಲ್ಪ ಹೊತ್ತು ನಡೆಸುತ್ತದೆ.

ಹಿಂಬದಿಯಲ್ಲಿ ವಿದ್ಯುತ್ತಿನ ತಂತಿಯ ಜೊತೆಗೆ ಮನೆಯ ರೂಟರ್‌ನಲ್ಲಿರುವಂಥದೇ ಲ್ಯಾನ್ ಪೋರ್ಟ್, ಹೆಚ್ಚುವರಿ ಪರದೆಗೆ ಒಂದು ಪೋರ್ಟ್, ಯುಎಸ್‌ಬಿ ಇರುತ್ತವೆ. ಹಲವು ಮಾದರಿಗಳಲ್ಲಿ ನರ್ಸ್ ಕಾಲ್ ಸಾಕೆಟ್ ಕೂಡ ಇರುತ್ತದೆ: ಅಲಾರಂ ಬಂದೊಡನೆ ಒಳಗಿನ ರಿಲೇ ಸ್ವಿಚ್ಚಿನಂತೆ ಕೂಡಿಕೊಂಡು ಕರೆಯ ದೀಪ ಹೊತ್ತಿಸುತ್ತದೆ.

ರೋಗಿಯ ಕಡೆಯ ಸರ್ಕ್ಯೂಟ್ ಮತ್ತು ಈ ಹಿಂಬದಿಯ ನಡುವೆ ನೇರ ವಿದ್ಯುತ್ ಸಂಪರ್ಕವೇ ಇರುವುದಿಲ್ಲ. ಸಂಕೇತಗಳು ಬೆಳಕಿನ ಮೂಲಕವೋ ಪುಟ್ಟ ಟ್ರಾನ್ಸ್‌ಫಾರ್ಮರ್ ಮೂಲಕವೋ ದಾಟುತ್ತವೆ. ಗೋಡೆಯ ವಿದ್ಯುತ್ತಿನಲ್ಲಿ ದೋಷವಾದರೂ ಅದು ಹೃದಯದವರೆಗೆ ಹೋಗಬಾರದೆಂದು ಈ ಏರ್ಪಾಡು. ಈ ಏರ್ಪಾಡಿಗೆ ಧಕ್ಕೆ ಬರಬಾರದೆಂದು ಕೈಮುಗಿದು ಕೇಳುತ್ತೇನೆ: ಆ ಯುಎಸ್‌ಬಿಗೆ ಮೊಬೈಲ್ ಚಾರ್ಜಿಗೆ ಹಾಕಬೇಡಿ, ಯಾರಾದರೂ ಹಾಕಿದರೆ ತೆಗೆಸಿ.

ಇನ್ನು ನೆಟ್‌ವರ್ಕ್. ಲ್ಯಾನ್ ಅಥವಾ ವೈ-ಫೈ ಮೂಲಕ ಅಲೆಗಳೂ ಅಂಕಿಗಳೂ ನರ್ಸ್‌ಗಳು ಕೂರುವಲ್ಲಿನ ಸೆಂಟ್ರಲ್ ಸ್ಟೇಷನ್‌ಗೆ ಹೋಗುತ್ತವೆ. ಹಾಸಿಗೆ ಕದಲದ ಐಸಿಯುವಿನಲ್ಲಿ ನಾನು ಯಾವಾಗಲೂ ತಂತಿಯ ಪರ. ರೋಗಿಯನ್ನು ಸ್ಥಳಾಂತರಿಸುವಾಗ ವೈ-ಫೈ ನಿಜಕ್ಕೂ ಉಪಕಾರಿ. ಮಾಹಿತಿಯ ಗಾತ್ರ ಸಣ್ಣದು, ಹಾಗಾಗಿ ವೇಗಕ್ಕಿಂತ ಎಡೆಬಿಡದ ಸಂಪರ್ಕ ಮುಖ್ಯ. ಕಾರಿಡಾರಿನಲ್ಲಿ ವೈ-ಫೈ ಹರಡುವ ಒಂದು ಪೆಟ್ಟಿಗೆಯಿಂದ (ಆ್ಯಕ್ಸೆಸ್ ಪಾಯಿಂಟ್) ಇನ್ನೊಂದಕ್ಕೆ ಜಿಗಿಯುವಾಗ ಸೆಂಟ್ರಲ್ ಪರದೆಯಲ್ಲಿ ಅಲೆ ಒಮ್ಮೆ ತುಂಡಾಗಬಹುದು. ವೈ-ಫೈ ಓಡುವುದು ಮುಖ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ತರಂಗಾಂತರಗಳಲ್ಲಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದಂತೆ ಬಳಸುವ ಚಾನೆಲ್‌ಗಳು ಸಾಮಾನ್ಯವಾಗಿ 1, 6, 11 ಮಾತ್ರ. ಬ್ಲೂಟೂತ್, ಮೈಕ್ರೋವೇವ್ ಒಲೆಗಳ ಕಾಟವೂ ಅಲ್ಲೇ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಹೆಚ್ಚು, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ವಾರ್ಡಿನಲ್ಲಿ ಓಡಾಡುವ ರೋಗಿಗೆ ಕಟ್ಟುವ ಪುಟ್ಟ ಟೆಲಿಮೆಟ್ರಿ ಪೆಟ್ಟಿಗೆಯ ಕಥೆ ಬೇರೆ. ಅದು ಮುಖ್ಯವಾಗಿ ಸಂಕೇತ ಕಳಿಸುತ್ತದೆ. ಕಾವಲು ಸೆಂಟ್ರಲ್ ಸ್ಟೇಷನ್‌ನದು. ಅಲ್ಲಿ ರೇಡಿಯೊ ಕೈಕೊಟ್ಟರೆ ಕಣ್ಗಾವಲೇ ಹೋಯಿತು. 1998ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಟಿವಿ ಕೇಂದ್ರವೊಂದು ಡಿಜಿಟಲ್ ಪ್ರಸಾರದ ಪ್ರಯೋಗ ಮಾಡಿದಾಗ ಅದೇ ತರಂಗಾಂತರದಲ್ಲಿದ್ದ ಆಸ್ಪತ್ರೆಯ ಟೆಲಿಮೆಟ್ರಿ ಕೆಟ್ಟಿತ್ತು. 2000ದಲ್ಲಿ ಅಲ್ಲಿನ ಸರ್ಕಾರ ವೈದ್ಯಕೀಯ ಟೆಲಿಮೆಟ್ರಿಗೇ ಪ್ರತ್ಯೇಕ ತರಂಗಾಂತರಗಳನ್ನು ಮೀಸಲಿಟ್ಟಿತು.

ತಂದೆಯವರನ್ನು ಐಸಿಯುವಿನಿಂದ ವಾರ್ಡಿಗೆ ಕಳಿಸುವ ದಿನ ಸಿಸ್ಟರ್ ಅವರನ್ನು ಎರಡೇ ಪ್ರಶ್ನೆ ಕೇಳಿ: ಇವರಿಗೆ ಹಾಕುವುದು ಮಾನಿಟರೋ ಟೆಲಿಮೆಟ್ರಿಯೋ? ಸೆಂಟ್ರಲ್ ಪರದೆಯ ಮುಂದೆ ರಾತ್ರಿ ಯಾರಿರುತ್ತಾರೆ?