ನೈಟ್ರೇಟಿನಿಂದ ಅಮೋನಿಯಾ: ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ನೀರಿನಲ್ಲಿ ಕರಗಿರುವ ನೈಟ್ರೇಟನ್ನು ವಿದ್ಯುತ್ತಿನ ನೆರವಿನಿಂದ ಅಮೋನಿಯಾ ಆಗಿ ಮಾರ್ಪಡಿಸುವ ಸಂಶೋಧನೆಯ ಬಗ್ಗೆ ಬೆಂಗಳೂರಿನ ಹಲವು ಓದುಗರು ಬರೆದು ಕೇಳಿದ್ದಾರೆ. ಎಲ್ಲ ಪತ್ರಗಳ ವಿಷಯವೂ ಒಂದೇ ಆದ್ದರಿಂದ ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನೈಟ್ರೇಟಿನಲ್ಲಿ ಸಾರಜನಕದ ಜೊತೆ ಇರುವುದು ಮೂರು ಆಮ್ಲಜನಕದ ಪರಮಾಣುಗಳು, ಅಮೋನಿಯಾದಲ್ಲಿ ಇರುವುದು ಮೂರು ಜಲಜನಕದ ಪರಮಾಣುಗಳು. ಬರೀ ವಿದ್ಯುತ್ ಹಾಯಿಸಿದ ಮಾತ್ರಕ್ಕೆ ಇಷ್ಟು ದೊಡ್ಡ ಬದಲಾವಣೆ ಹೇಗೆ ಸಾಧ್ಯ? ಇದರಲ್ಲಿ ವೇಗವರ್ಧಕದ ಪಾತ್ರವೇನು?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ರಾಜಾಜಿನಗರ

ಉತ್ತರ: ಈ ಬದಲಾವಣೆ ರಸಾಯನಶಾಸ್ತ್ರಕ್ಕೆ ಹೊಸದಲ್ಲ. ಲವಣ ವಿಶ್ಲೇಷಣೆಯಲ್ಲಿ ನೈಟ್ರೇಟನ್ನು ಗುರುತಿಸಲು ಡೆವಾರ್ಡಾ ಮಿಶ್ರಲೋಹ ಎಂಬ ಪುಡಿಯನ್ನು ಬಹಳ ಕಾಲದಿಂದ ಬಳಸುತ್ತ ಬಂದಿದ್ದಾರೆ. ಅದರಲ್ಲಿ ಅರ್ಧದಷ್ಟು ತಾಮ್ರ, ಉಳಿದುದರಲ್ಲಿ ಬಹುಪಾಲು ಅಲ್ಯೂಮಿನಿಯಂ, ಸ್ವಲ್ಪ ಸತು ಇರುತ್ತವೆ. ನೈಟ್ರೇಟ್ ಇರುವ ದ್ರಾವಣಕ್ಕೆ ಕಾಸ್ಟಿಕ್ ಸೋಡಾವನ್ನೂ ಈ ಪುಡಿಯನ್ನೂ ಸೇರಿಸಿ ಬಿಸಿ ಮಾಡಿದರೆ ಅಮೋನಿಯಾದ ಘಾಟು ಮೂಗಿಗೆ ಬಡಿಯುತ್ತದೆ, ಕೆಂಪು ಲಿಟ್ಮಸ್ ಕಾಗದ ನೀಲಿಗೆ ತಿರುಗುತ್ತದೆ. ಅಲ್ಲಿ ಎಲೆಕ್ಟ್ರಾನುಗಳನ್ನು ಕೊಡುವುದು ಮುಖ್ಯವಾಗಿ ಅಲ್ಯೂಮಿನಿಯಂ. ಕೊಟ್ಟ ಮೇಲೆ ಅದು ಕರಗಿ ಮುಗಿದುಹೋಗುತ್ತದೆ. ವಿದ್ಯುದ್ರಾಸಾಯನಿಕ ಕೋಶದಲ್ಲಿ ಅದೇ ಎಲೆಕ್ಟ್ರಾನುಗಳು ತಂತಿಯ ಮೂಲಕ ಕ್ಯಾಥೋಡಿಗೆ, ಅಂದರೆ ಋಣ ವಿದ್ಯುದ್ವಾರಕ್ಕೆ, ಬರುತ್ತವೆ, ಜಲಜನಕ ನೀರಿನಿಂದಲೇ ಸಿಗುತ್ತದೆ, ಹಾಗಾಗಿ ಯಾವ ಲೋಹವನ್ನೂ ಬಲಿಕೊಡಬೇಕಾಗಿಲ್ಲ.

ಒಂದು ನೈಟ್ರೇಟ್ ಅಯಾನು ಒಂದು ಅಮೋನಿಯಾ ಅಣುವಾಗಲು ಎಂಟು ಎಲೆಕ್ಟ್ರಾನುಗಳು ಬೇಕು. ಮೊದಲ ಎರಡನ್ನು ಪಡೆದಾಗ ಒಂದು ಆಮ್ಲಜನಕ ಕಳಚಿ ನೈಟ್ರೈಟ್ ಆಗುತ್ತದೆ. ಉಳಿದ ಆರನ್ನು ಹಂತಹಂತವಾಗಿ ಪಡೆಯುತ್ತ ಅದು ನೈಟ್ರಿಕ್ ಆಕ್ಸೈಡಿನಂಥ ಮಧ್ಯಂತರ ರೂಪಗಳನ್ನು ದಾಟಿ ಅಮೋನಿಯಾ ಆಗುತ್ತದೆ. ದಾರಿಯುದ್ದಕ್ಕೂ ತಪ್ಪಿಹೋಗುವ ಅವಕಾಶಗಳಿವೆ. ನೈಟ್ರೈಟ್ ಅರ್ಧದಲ್ಲೇ ಕ್ಯಾಥೋಡಿನ ಮೇಲ್ಮೈ ಬಿಟ್ಟು ನೀರಿಗೆ ಸೇರಿಬಿಡಬಹುದು, ಅದು ನೈಟ್ರೇಟಿಗಿಂತಲೂ ಹೆಚ್ಚು ವಿಷಕಾರಿ. ಪಕ್ಕಪಕ್ಕದಲ್ಲಿರುವ ಎರಡು ಸಾರಜನಕದ ಪರಮಾಣುಗಳು ಕೂಡಿಕೊಂಡು ಸಾರಜನಕ ಅನಿಲವಾಗಿ ಹಾರಿಹೋಗಬಹುದು. ಇವೆರಡಕ್ಕಿಂತ ದೊಡ್ಡ ಪೈಪೋಟಿ ನೀರಿನದು: ಎರಡೇ ಎಲೆಕ್ಟ್ರಾನುಗಳಲ್ಲಿ ಜಲಜನಕ ಅನಿಲ ತಯಾರಾಗುವುದರಿಂದ, ಎಂಟು ಎಲೆಕ್ಟ್ರಾನುಗಳ ನಿಧಾನದ ಕ್ರಿಯೆಗೆ ಸಲ್ಲಬೇಕಾದ ವಿದ್ಯುತ್ತನ್ನು ಅದು ಕಬಳಿಸುತ್ತದೆ. ಈ ಕವಲುಗಳಲ್ಲಿ ಯಾವುದು ತೆರೆಯಬೇಕು, ಯಾವುದು ಮುಚ್ಚಬೇಕು ಎಂಬುದನ್ನು ನಿರ್ಧರಿಸುವುದೇ ಕ್ಯಾಥೋಡಿನ ಮೇಲ್ಮೈಯಲ್ಲಿರುವ ವೇಗವರ್ಧಕ, ಅಂದರೆ ತಾನು ಖರ್ಚಾಗದೆ ಕ್ರಿಯೆಯನ್ನು ವೇಗಗೊಳಿಸುವ ವಸ್ತು.

ತಾಮ್ರ ನೈಟ್ರೇಟನ್ನು ಚೆನ್ನಾಗಿ ಹಿಡಿದುಕೊಂಡು ಬೇಗ ನೈಟ್ರೈಟಿಗೆ ಇಳಿಸುತ್ತದೆ, ಆದರೆ ಅದರ ಮೇಲ್ಮೈಯಲ್ಲಿ ಜಲಜನಕದ ಪರಮಾಣುಗಳ ಪೂರೈಕೆ ಸಾಲದ್ದರಿಂದ ಮುಂದಿನ ಹಂತಗಳು ಕುಂಟುತ್ತವೆ. ಕೋಬಾಲ್ಟ್ ಮತ್ತು ರುಥೇನಿಯಂ ಆ ಕೊರತೆಯನ್ನು ತುಂಬುತ್ತವೆ. ಈ ಕಾರಣಕ್ಕೇ ತಾಮ್ರದೊಡನೆ ಇನ್ನೊಂದು ಲೋಹವನ್ನು ಜೋಡಿಸುವ ಪ್ರಯತ್ನಗಳು ಇಷ್ಟೊಂದು ನಡೆದಿವೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ತಂಡವೊಂದು 2022ರಲ್ಲಿ ತಾಮ್ರದ ನ್ಯಾನೋತಂತಿಗಳ ಮೇಲೆ ರುಥೇನಿಯಂ ಪರಮಾಣುಗಳನ್ನು ಚದುರಿಸಿ, 2000 ಪಿಪಿಎಂ (ಹತ್ತು ಲಕ್ಷ ಭಾಗಗಳಲ್ಲಿ 2000 ಭಾಗ) ನೈಟ್ರೇಟ್ ಇದ್ದ ದ್ರಾವಣವನ್ನು 50 ಪಿಪಿಎಂಗಿಂತ ಕೆಳಗೆ ತಂದಿತು. ಹಾಯಿಸಿದ ವಿದ್ಯುತ್ತಿನಲ್ಲಿ ಶೇ. 90ಕ್ಕಿಂತ ಹೆಚ್ಚು ಪಾಲು ಅಮೋನಿಯಾಕ್ಕೇ ಸಂದಿತು. ಕಬ್ಬಿಣದ ಪರಮಾಣುಗಳನ್ನು ಒಂದಕ್ಕೊಂದು ತಾಗದಂತೆ ಇಂಗಾಲದ ಹಾಳೆಯಲ್ಲಿ ಬಿಡಿಬಿಡಿಯಾಗಿ ನೆಡುವ ಇನ್ನೊಂದು ಉಪಾಯವೂ ಇದೆ. ಅದು ನನಗೆ ವಿಶೇಷವಾಗಿ ಮೆಚ್ಚುಗೆಯಾಗಿದೆ. ಸಾರಜನಕ ಅನಿಲ ಹುಟ್ಟಬೇಕಾದರೆ ಎರಡು ಸಾರಜನಕಗಳು ಅಕ್ಕಪಕ್ಕ ಸಿಗಬೇಕು. ಒಂಟಿ ಕಬ್ಬಿಣದ ಪರಮಾಣುವಿನ ಮೇಲೆ ಕುಳಿತ ಸಾರಜನಕಕ್ಕೆ ನೆರೆಯೇ ಇಲ್ಲದ್ದರಿಂದ ಆ ಕವಲು ತಾನಾಗಿ ಮುಚ್ಚಿಹೋಗುತ್ತದೆ.

ಪ್ರಶ್ನೆ: ಯೂರಿಯಾ ಕಾರ್ಖಾನೆಗಳಿಗೆ ಬೇಕಾದ ಅಮೋನಿಯಾವನ್ನೆಲ್ಲ ಇದೇ ರೀತಿ ತಯಾರಿಸಿಕೊಂಡರೆ ನೈಸರ್ಗಿಕ ಅನಿಲದ ಮೇಲಿನ ನಮ್ಮ ಅವಲಂಬನೆ ತಪ್ಪುವುದಿಲ್ಲವೇ?
– ಕೃಷಿ ಇಲಾಖೆಯ ನಿವೃತ್ತ ಅಧಿಕಾರಿ, ಮಾಗಡಿ ರಸ್ತೆ

ಉತ್ತರ: ಈ ಮಾರ್ಗದಿಂದ ತಪ್ಪುವುದಿಲ್ಲ, ಇದನ್ನು ಸ್ಪಷ್ಟವಾಗಿ ಹೇಳುವುದು ಅಗತ್ಯ. ಫ್ರಿಟ್ಸ್ ಹಾಬರ್ 1909ರಲ್ಲಿ ತೋರಿಸಿದ, ಕಾರ್ಲ್ ಬಾಷ್ 1913ರಲ್ಲಿ ಜರ್ಮನಿಯ ಒಪ್ಪೌನಲ್ಲಿ ಕಾರ್ಖಾನೆಗೆ ತಂದ ವಿಧಾನವೇ ಇಂದಿಗೂ ಜಗತ್ತಿನ ಅಮೋನಿಯಾದ ಆಧಾರ. ಸುಮಾರು 400ರಿಂದ 500 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ನೂರಾರು ಪಟ್ಟು ವಾಯುಭಾರದ ಒತ್ತಡ, ಕಬ್ಬಿಣದ ವೇಗವರ್ಧಕ ಅದರ ಮುಖ್ಯ ಅಂಶಗಳು. ಅದಕ್ಕೆ ಬೇಕಾದ ಜಲಜನಕವನ್ನು ಹೆಚ್ಚಿನ ಕಡೆ ನೈಸರ್ಗಿಕ ಅನಿಲದಿಂದ ತೆಗೆಯುತ್ತಾರೆ. ಮಂಗಳೂರಿನ ಬಳಿಯ ನಮ್ಮ ಪಣಂಬೂರಿನ ಗೊಬ್ಬರ ಕಾರ್ಖಾನೆಯೂ ಬಹುಕಾಲ ನಾಫ್ತಾ ಎಂಬ ಪೆಟ್ರೋಲಿಯಂ ಉತ್ಪನ್ನವನ್ನು ನೆಚ್ಚಿಕೊಂಡಿದ್ದು, ಕೊಚ್ಚಿ–ಮಂಗಳೂರು ಕೊಳವೆಮಾರ್ಗ ಬಂದ ಮೇಲೆ ಅನಿಲಕ್ಕೆ ಬದಲಾಯಿತು.

ನೈಟ್ರೇಟಿನ ಮಾರ್ಗಕ್ಕೆ ಇರುವ ಮೂಲಭೂತ ತೊಡಕು ಏನೆಂದರೆ, ಮಾರುಕಟ್ಟೆಯಲ್ಲಿ ಸಿಗುವ ನೈಟ್ರೇಟ್ ಮತ್ತು ನೈಟ್ರಿಕ್ ಆಮ್ಲ ಬಹುಮಟ್ಟಿಗೆ ಅಮೋನಿಯಾದಿಂದಲೇ ತಯಾರಾದವು. ಅಮೋನಿಯಾವನ್ನು ಪ್ಲಾಟಿನಂ-ರೋಡಿಯಂ ಜಾಲರಿಯ ಮೇಲೆ ಉರಿಸಿ ನೈಟ್ರಿಕ್ ಆಮ್ಲ ಮಾಡುವ ಓಸ್ಟ್‌ವಾಲ್ಡ್ ವಿಧಾನ ಅದರ ಮೂಲ. ಕೊಂಡುತಂದ ನೈಟ್ರೇಟನ್ನು ಮತ್ತೆ ಅಮೋನಿಯಾ ಮಾಡುವುದೆಂದರೆ ಹೊರಟ ಜಾಗಕ್ಕೇ ಬಂದು ನಿಲ್ಲುವುದು, ಅದೂ ಎರಡು ಸಲ ಶಕ್ತಿ ಕಳೆದುಕೊಂಡು. ಲೆಕ್ಕವನ್ನೇ ನೋಡಿ: ಒಂದು ಕಿಲೋ ಅಮೋನಿಯಾಕ್ಕೆ ಎಂಟು ಎಲೆಕ್ಟ್ರಾನಿನ ಹಾದಿಯಲ್ಲಿ ಸುಮಾರು 12,600 ಆಂಪಿಯರ್-ಗಂಟೆ ವಿದ್ಯುದಾವೇಶ ಬೇಕು. ಕೋಶದ ವೋಲ್ಟೇಜ್ 2.5 ಆಗಿದ್ದು ಒಂದು ಎಲೆಕ್ಟ್ರಾನೂ ವ್ಯರ್ಥವಾಗದಿದ್ದರೂ ಸುಮಾರು 31 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಒಳ್ಳೆಯ ಅನಿಲ ಆಧಾರಿತ ಕಾರ್ಖಾನೆ ಅದೇ ಒಂದು ಕಿಲೋವನ್ನು ಸುಮಾರು 8 ಯೂನಿಟ್ಟಿಗೆ ಸಮನಾದ ಶಕ್ತಿಯಲ್ಲಿ ಮಾಡುತ್ತದೆ. ಯೂರಿಯಾ ತಯಾರಿಕೆಗೆ ಅಮೋನಿಯಾದ ಜೊತೆ ಇಂಗಾಲದ ಡೈಆಕ್ಸೈಡ್ ಕೂಡ ಬೇಕು, ಈಗ ಅದು ಅನಿಲದ ಸಂಸ್ಕರಣೆಯಲ್ಲೇ ಸಿಗುತ್ತಿದೆ ಎಂಬುದನ್ನೂ ತಾವು ಬಲ್ಲಿರಿ.

ಹಾಗಾದರೆ ಗಾಳಿಯ ಸಾರಜನಕವನ್ನೇ ನೇರವಾಗಿ ಬಳಸಬಾರದೇಕೆ ಎಂಬ ಪ್ರಶ್ನೆ ಸಹಜ. ಸಾರಜನಕದ ಅಣುವಿನ ಮೂರೆಳೆಯ ಬಂಧವನ್ನು ಬಿಡಿಸಲು ಮೋಲ್ ಒಂದಕ್ಕೆ ಸುಮಾರು 945 ಕಿಲೋಜೌಲ್ ಬೇಕು, ಜೊತೆಗೆ ಆ ಅನಿಲ ನೀರಿನಲ್ಲಿ ಕರಗುವುದು ಲೀಟರಿಗೆ 20 ಮಿಲಿಗ್ರಾಮಿನಷ್ಟು ಮಾತ್ರ. ನೈಟ್ರೇಟಾದರೋ ಧಾರಾಳವಾಗಿ ಕರಗುತ್ತದೆ, ಅದರಿಂದ ಆಮ್ಲಜನಕವನ್ನು ಕಳಚುವುದೂ ಹೆಚ್ಚು ಸುಲಭ. ಗಾಳಿಯನ್ನು ವಿದ್ಯುತ್ ಕಿಡಿಯಿಂದ ನೈಟ್ರೋಜನ್ ಆಕ್ಸೈಡುಗಳಾಗಿಸಿ ನಂತರ ಅವನ್ನು ಅಮೋನಿಯಾಕ್ಕೆ ಇಳಿಸುವ ಸಂಯುಕ್ತ ಮಾರ್ಗದ ಮೇಲೆ ಈಗ ಕೆಲಸ ನಡೆಯುತ್ತಿದೆ. ಅದರ ಮೊದಲ ಅರ್ಧ ಹಳೆಯದು, ನಾರ್ವೆಯಲ್ಲಿ 1905ರ ಹೊತ್ತಿಗೇ ಜಲವಿದ್ಯುತ್ತಿನಿಂದ ಹೀಗೆ ಗೊಬ್ಬರ ಮಾಡುತ್ತಿದ್ದರು. ವಿದ್ಯುತ್ತಿನ ಖರ್ಚು ವಿಪರೀತವಾಗಿದ್ದರಿಂದ ಹಾಬರ್-ಬಾಷ್ ವಿಧಾನದ ಮುಂದೆ ಅದು ನಿಲ್ಲಲಿಲ್ಲ. ನನ್ನ ಅಭಿಪ್ರಾಯದಲ್ಲಿ ನೈಟ್ರೇಟ್ ವೇಗವರ್ಧಕಗಳ ನಿಜವಾದ ಕ್ಷೇತ್ರ ಬೇಡವಾದ ಕಡೆ ಸೇರಿಕೊಂಡಿರುವ ಸಾರಜನಕ, ಅಂದರೆ ತ್ಯಾಜ್ಯ ನೀರು.

ಪ್ರಶ್ನೆ: ಸರ್ಜಾಪುರ ರಸ್ತೆಯ ನಮ್ಮ ಬಡಾವಣೆಯ ಬೋರ್‌ವೆಲ್ ನೀರಿನಲ್ಲಿ ಲೀಟರಿಗೆ 90 ಮಿಲಿಗ್ರಾಂ ನೈಟ್ರೇಟ್ ಇದೆಯೆಂದು ಪರೀಕ್ಷಾ ವರದಿ ಬಂದಿದೆ. ಇಂಥ ಕೋಶವನ್ನು ಸಂಪಿನ ಬಳಿ ಅಳವಡಿಸಿದರೆ ನೀರೂ ಶುದ್ಧವಾಗಿ, ತೋಟಕ್ಕೆ ಗೊಬ್ಬರವೂ ಸಿಗುತ್ತದಲ್ಲವೇ?
– ನಿವಾಸಿಗಳ ಸಂಘದ ಕಾರ್ಯದರ್ಶಿ

ಉತ್ತರ: ಮೊದಲು ಆರೋಗ್ಯದ ಮಾತು. ಕುಡಿಯುವ ನೀರಿಗೆ ಭಾರತೀಯ ಮಾನಕ ನಿಗದಿಪಡಿಸಿರುವ ಮಿತಿ ಲೀಟರಿಗೆ 45 ಮಿಲಿಗ್ರಾಂ, ನಿಮ್ಮಲ್ಲಿ ಅದರ ಎರಡರಷ್ಟಿದೆ. ಎಳೆಗೂಸುಗಳ ದೇಹದಲ್ಲಿ ನೈಟ್ರೇಟ್ ನೈಟ್ರೈಟಾಗಿ, ರಕ್ತ ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನು ಕುಂದಿಸುತ್ತದೆ. ಆದ್ದರಿಂದ ಈ ನೀರಿನಲ್ಲಿ ಕೂಸುಗಳಿಗೆ ಹಾಲಿನ ಪುಡಿ ಕಲಸಿ ಕೊಡುವುದನ್ನು ಇಂದೇ ನಿಲ್ಲಿಸಬೇಕು. ಕುದಿಸುವುದರಿಂದ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಸದ್ಯಕ್ಕೆ ಆರ್‌ಓ ಶುದ್ಧೀಕರಣವೇ ನಿಮಗಿರುವ ದಾರಿ. ಅದರ ಜೊತೆಗೆ ಸುತ್ತಮುತ್ತ ಸೋರುವ ಒಳಚರಂಡಿ ಅಥವಾ ಶೌಚಗುಂಡಿ ಇದೆಯೇ ಎಂದು ನೋಡಿಸಿ, ನಗರದ ಅಂಚಿನಲ್ಲಿ ಅಂತರ್ಜಲಕ್ಕೆ ನೈಟ್ರೇಟ್ ಸೇರುವ ಮುಖ್ಯ ದಾರಿಗಳಲ್ಲಿ ಅದೂ ಒಂದು.

ಇನ್ನು ಗೊಬ್ಬರದ ಲೆಕ್ಕ. ನಿಮ್ಮ ಸಾವಿರ ಲೀಟರ್ ನೀರಿನಲ್ಲಿರುವುದು 90 ಗ್ರಾಂ ನೈಟ್ರೇಟ್, ಅದು ಒಂದಿಷ್ಟೂ ಬಿಡದೆ ಅಮೋನಿಯಾ ಆದರೆ ಸಿಗುವುದು ಸುಮಾರು 25 ಗ್ರಾಂ. ಅದರಲ್ಲಿರುವ ಸಾರಜನಕ 44 ಗ್ರಾಂ ಯೂರಿಯಾದಲ್ಲಿರುವಷ್ಟು. 45 ಕಿಲೋದ ಒಂದು ಯೂರಿಯಾ ಚೀಲಕ್ಕೆ ಸಮನಾಗಬೇಕಾದರೆ ಹೆಚ್ಚುಕಡಿಮೆ ಹತ್ತು ಲಕ್ಷ ಲೀಟರ್ ನೀರನ್ನು ಸಂಸ್ಕರಿಸಬೇಕು.

ವಿದ್ಯುತ್ತಿನ ಖರ್ಚು ಇಲ್ಲಿ ಮುಖ್ಯ ಅಡ್ಡಿಯಲ್ಲ. ಎಲ್ಲವೂ ಆದರ್ಶವಾಗಿ ನಡೆದರೆ ಸಾವಿರ ಲೀಟರಿಗೆ ಸುಮಾರು ಒಂದು ಯೂನಿಟ್ ಸಾಕಾಗುತ್ತದೆ. ಅಡ್ಡಿಯಿರುವುದು ನೀರಿನ ಗುಣದಲ್ಲಿ. ಇಷ್ಟು ತೆಳುವಾದ ದ್ರಾವಣದಲ್ಲಿ ಕ್ಯಾಥೋಡಿನ ಬಳಿಯ ನೈಟ್ರೇಟ್ ಬೇಗ ಮುಗಿದು, ಹೊಸದು ಹರಿದುಬರುವಷ್ಟರಲ್ಲಿ ವಿದ್ಯುತ್ತೆಲ್ಲ ಜಲಜನಕ ಅನಿಲ ಮಾಡುವುದರಲ್ಲೇ ಕಳೆದುಹೋಗುತ್ತದೆ. ಎರಡನೆಯದಾಗಿ, ನಮ್ಮ ಕಡೆಯ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು. ಕ್ರಿಯೆ ನಡೆದಂತೆ ಕ್ಯಾಥೋಡಿನ ಸುತ್ತ ಕ್ಷಾರತೆ ಏರುತ್ತದೆ, ಆಗ ಕ್ಯಾಲ್ಸಿಯಂ ಕಾರ್ಬೊನೇಟು ಗೀಸರಿನ ಕಾಯಿಲ್ ಮೇಲೆ ಕಟ್ಟುವಂತೆಯೇ ವೇಗವರ್ಧಕದ ಮೇಲೆ ಬಿಳಿಯ ಪದರವಾಗಿ ಕಟ್ಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಮೂರನೆಯದು ಕ್ಲೋರೈಡಿನ ತೊಂದರೆ: ಆನೋಡಿನಲ್ಲಿ, ಅಂದರೆ ಧನ ವಿದ್ಯುದ್ವಾರದಲ್ಲಿ, ಅದು ಕ್ಲೋರಿನ್ ಆಗುತ್ತದೆ, ನಡುವೆ ಪೊರೆಯಿಲ್ಲದಿದ್ದರೆ ಆ ಕ್ಲೋರಿನ್ ಆಗಷ್ಟೇ ಹುಟ್ಟಿದ ಅಮೋನಿಯಾವನ್ನು ಕ್ಲೋರಮೈನುಗಳಾಗಿಯೋ ಸಾರಜನಕ ಅನಿಲವಾಗಿಯೋ ಮಾಡಿಬಿಡುತ್ತದೆ. ಕೊನೆಗೆ, ಅಮೋನಿಯಾ ಬೆರೆತ ನೀರನ್ನು ಹಾಗೇ ಕುಡಿಯಲಾಗದು, ಅದನ್ನು ಬೇರ್ಪಡಿಸಲೇಬೇಕು.

ಪ್ರಯೋಗಾಲಯದ ಫಲಿತಾಂಶಗಳಿಗೂ ನಿಮ್ಮ ಸಂಪಿಗೂ ನಡುವೆ ಇರುವ ಅಂತರ ಇದೇ, ಇದನ್ನು ಮುಚ್ಚಿಟ್ಟು ಯಂತ್ರ ಮಾರಲು ಬರುವವರ ಮಾತಿಗೆ ಮರುಳಾಗಬೇಡಿ. ಆದರೆ ಇದೇ ವಿದ್ಯೆ ಆರ್‌ಓ ಘಟಕಗಳು ಹೊರಹಾಕುವ ತ್ಯಾಜ್ಯ ನೀರಿಗೆ, ನೈಟ್ರೇಟ್ ಹಿಡಿಯುವ ರಾಳಗಳನ್ನು ತೊಳೆದ ಉಪ್ಪುನೀರಿಗೆ, ಲೋಹದ ಕೆಲಸಗಳಲ್ಲಿ ನೈಟ್ರಿಕ್ ಆಮ್ಲ ಬಳಸುವ ಕಾರ್ಖಾನೆಗಳ ತ್ಯಾಜ್ಯಕ್ಕೆ ಹೊಂದುತ್ತದೆ. ಅಲ್ಲಿ ನೈಟ್ರೇಟ್ ದಟ್ಟವಾಗಿರುತ್ತದೆ, ಲವಣಗಳಿರುವುದರಿಂದ ವಿದ್ಯುತ್ ಸರಾಗವಾಗಿ ಹರಿಯುತ್ತದೆ, ಕ್ಷಾರೀಯವಾದ ದ್ರಾವಣಕ್ಕೆ ಗಾಳಿ ಊದಿ ಅಮೋನಿಯಾವನ್ನು ಹೊರತೆಗೆದು ಗಂಧಕಾಮ್ಲದಲ್ಲಿ ಹಿಡಿದರೆ ಅಮೋನಿಯಂ ಸಲ್ಫೇಟ್ ಗೊಬ್ಬರವೇ ಸಿಗುತ್ತದೆ. ಇಂದು ಆರ್‌ಓ ಘಟಕಗಳ ತ್ಯಾಜ್ಯ ನೀರು ಎಷ್ಟೋ ಕಡೆ ಚರಂಡಿಗೋ ಪಕ್ಕದ ಖಾಲಿ ನಿವೇಶನಕ್ಕೋ ಹರಿದು ಮತ್ತೆ ಅಂತರ್ಜಲವನ್ನೇ ಸೇರುತ್ತಿದೆ. ಈ ವಿಷಯದಲ್ಲಿ ಕೆಲಸ ಮಾಡುವ ನಮ್ಮ ನಗರದ ಯುವ ಸಂಶೋಧಕರು ಮೊದಲು ಕೈಹಾಕಬೇಕಾದುದು ಆ ನೀರಿಗೇ ಎಂದು ನಾನು ನಂಬುತ್ತೇನೆ.

ಪ್ರಶ್ನೆ: ಸಾರಜನಕ ಅನಿಲದಿಂದ ನೇರವಾಗಿ ಅಮೋನಿಯಾ ಪಡೆದಿದ್ದೇವೆಂಬ ಹಲವು ಸಂಶೋಧನಾ ಪ್ರಬಂಧಗಳು ಸಂದೇಹಕ್ಕೆ ಒಳಗಾದವೆಂದು ಕೇಳಿದ್ದೇನೆ. ನೈಟ್ರೇಟ್ ಪ್ರಯೋಗಗಳಲ್ಲೂ ಅಂಥ ಅಪಾಯವಿದೆಯೇ?
– ಎಂ.ಎಸ್ಸಿ. ವಿದ್ಯಾರ್ಥಿ, ಜ್ಞಾನಭಾರತಿ

ಉತ್ತರ: ಆ ಪ್ರಯೋಗಗಳಲ್ಲಿ ಹುಟ್ಟುವ ಅಮೋನಿಯಾ ಎಷ್ಟು ಅತ್ಯಲ್ಪವೆಂದರೆ ಉಸಿರು, ಕೈಗವಸು, ಪ್ರಯೋಗಾಲಯದ ಗಾಳಿ, ಸಿಲಿಂಡರಿನ ಅನಿಲದಲ್ಲಿರುವ ನೈಟ್ರೋಜನ್ ಆಕ್ಸೈಡುಗಳು, ಲವಣಗಳಲ್ಲಿ ಅಡಗಿರುವ ನೈಟ್ರೇಟ್, ಇವುಗಳಿಂದ ಬಂದ ಕಲ್ಮಶವೇ ಫಲಿತಾಂಶದಂತೆ ಕಾಣಬಹುದು. ಸಾರಜನಕ-15 ಐಸೊಟೋಪನ್ನು (ಸಾಮಾನ್ಯ ಸಾರಜನಕಕ್ಕಿಂತ ತುಸು ಭಾರವಾದ ರೂಪವನ್ನು) ಬಳಸಿ ದೃಢಪಡಿಸಿಕೊಳ್ಳುವ ಕಟ್ಟುನಿಟ್ಟಿನ ಕ್ರಮವೊಂದನ್ನು 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿಜ್ಞಾನಿಗಳು ಮುಂದಿಟ್ಟರು. ಕಾಂತಕ್ಷೇತ್ರದಲ್ಲಿ ಅಣುಗಳನ್ನು ಗುರುತಿಸುವ ಎನ್‌ಎಂಆರ್ ರೋಹಿತದಲ್ಲಿ ಸಾಮಾನ್ಯ ಅಮೋನಿಯಂ ಮೂರು ಗೆರೆಗಳನ್ನು ಕೊಟ್ಟರೆ ಸಾರಜನಕ-15 ಇರುವ ಅಮೋನಿಯಂ ಎರಡನ್ನು ಕೊಡುತ್ತದೆ, ಹೀಗಾಗಿ ಯಾವುದು ಎಲ್ಲಿಂದ ಬಂತೆಂಬುದು ತಿಳಿಯುತ್ತದೆ.

ನೈಟ್ರೇಟ್ ಪ್ರಯೋಗದಲ್ಲಿ ಅಮೋನಿಯಾ ಸಾಕಷ್ಟು ಹುಟ್ಟುವುದರಿಂದ ಆ ಅಪಾಯ ಕಡಿಮೆ, ಆದರೂ ಎಚ್ಚರ ಬೇಕು. ಅಮೋನಿಯಾವನ್ನು ಬಣ್ಣದ ಗಾಢತೆಯಿಂದ ಅಳೆಯುವ ಇಂಡೋಫಿನಾಲ್ ನೀಲಿ ಬಣ್ಣದ ವಿಧಾನ ನಂಬಿಕೆಗೆ ಅರ್ಹವಾಗಿರುವುದು ಕಡಿಮೆ ಸಾಂದ್ರತೆಯಲ್ಲಿ ಮಾತ್ರ; ಮಾದರಿಯನ್ನು ನೂರು ಪಟ್ಟು ತೆಳುಗೊಳಿಸಿ ಅಳೆದರೆ ಸಣ್ಣ ತಪ್ಪೂ ನೂರು ಪಟ್ಟಾಗುತ್ತದೆ. ನೈಟ್ರೈಟ್ ಎಷ್ಟು ಉಳಿದಿದೆಯೆಂಬುದನ್ನು ಹೇಳದೆ ಅಮೋನಿಯಾದ ದಕ್ಷತೆಯನ್ನಷ್ಟೇ ಹೇಳುವ ಪ್ರಬಂಧವನ್ನು ಅಪೂರ್ಣವೆಂದೇ ತಿಳಿಯಿರಿ. ವೇಗವರ್ಧಕ ಎಷ್ಟು ಗಂಟೆ ನಿಂತಿತು, ಅದರ ಲೋಹ ನೀರಿಗೆ ಕರಗಿತೇ, ಪ್ರಯೋಗ ನಡೆದದ್ದು ಪ್ರಬಲ ಕ್ಷಾರದಲ್ಲೋ ನಿಜವಾದ ತ್ಯಾಜ್ಯ ನೀರಿನಲ್ಲೋ ಎಂಬುದನ್ನೂ ಹುಡುಕಿ ಓದಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿಯಿಂದ (ಕೊಳಚೆ ನೀರು ಸಂಸ್ಕರಣಾ ಘಟಕದಿಂದ) ಬರುವ ಸಂಸ್ಕರಿತ ನೀರಿನಲ್ಲಿ ನೈಟ್ರೇಟ್ ಇರುತ್ತದೆ. ಅದಕ್ಕೆ ಈ ಕೋಶ ಹೊಂದುತ್ತದೆಯೇ?
– ಓದುಗರು, ಯಲಹಂಕ

ಉತ್ತರ: ಹೊಂದುವುದಿಲ್ಲ, ಹೊಂದಿಸುವ ಅಗತ್ಯವೂ ಇಲ್ಲ. ಎಸ್‌ಟಿಪಿಗೆ ಬಂದು ಸೇರುವಾಗ ಕೊಳಚೆಯ ಸಾರಜನಕದಲ್ಲಿ ಬಹುಪಾಲು ಆಗಲೇ ಅಮೋನಿಯಂ ರೂಪದಲ್ಲಿರುತ್ತದೆ. ಬ್ಲೋವರಿನಿಂದ ಗಾಳಿ ಊದಿದಾಗ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಒಂದು ಗ್ರಾಂ ಸಾರಜನಕಕ್ಕೆ ಸುಮಾರು 4.6 ಗ್ರಾಂ ಆಮ್ಲಜನಕ ಖರ್ಚಾಗುತ್ತದೆ. ವಿದ್ಯುತ್ ಕೊಟ್ಟು ಅಮೋನಿಯಂ ಅನ್ನು ನೈಟ್ರೇಟ್ ಮಾಡಿ, ಮತ್ತೆ ವಿದ್ಯುತ್ ಕೊಟ್ಟು ಅದನ್ನೇ ಅಮೋನಿಯಾ ಮಾಡುವುದರಲ್ಲಿ ಅರ್ಥವಿಲ್ಲ. ನಿಮ್ಮ ಸಂಸ್ಕರಿತ ನೀರನ್ನು ಗಿಡಗಳಿಗೆ ಹಾಯಿಸುತ್ತಿದ್ದರೆ ಅದರ ನೈಟ್ರೇಟನ್ನು ಬೇರುಗಳು ನೇರವಾಗಿ ಹೀರಿಕೊಳ್ಳುತ್ತವೆ. ಹಾಗೆ ಹಾಯಿಸುವ ತೋಟಕ್ಕೆ ಯೂರಿಯಾ ಹಾಕುವ ಮುನ್ನ ನೀರಿನ ವರದಿಯಲ್ಲಿರುವ ನೈಟ್ರೇಟಿನ ಪ್ರಮಾಣವನ್ನು ನಿಮ್ಮ ತೋಟಗಾರರಿಗೆ ತಿಳಿಸಿ, ಅಷ್ಟರ ಮಟ್ಟಿಗೆ ಗೊಬ್ಬರ ಕಡಿಮೆ ಮಾಡಿಸಿ.