ಹಾಕದೇ ಉಳಿದ ಫೋಟೋ

ನನ್ನ ಬಳಿ ಆಪ್ತಸಮಾಲೋಚನೆಗೆ ಬಂದಿದ್ದ ಒಬ್ಬ ಮಹಿಳೆಯ ಕಥೆ ಇದು. ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರ ಬದಲಿಸಿದ್ದೇನೆ.

ವಯಸ್ಸು 30ರ ಆಸುಪಾಸು. ದಾವಣಗೆರೆಯಲ್ಲಿ ಇಂಟೀರಿಯರ್ ಡಿಸೈನರ್. ನಿದ್ದೆ ಬರುತ್ತಿಲ್ಲ ಅಂತ ಬಂದಿದ್ದರು. ರಾತ್ರಿ 2 ಗಂಟೆಗೆ ಎದ್ದು ಲೈಕ್ ಎಷ್ಟು ಬಂತು ಅಂತ ನೋಡುತ್ತಿದ್ದರು.

ಎರಡನೇ ಭೇಟಿಯಲ್ಲಿ ವಿಷಯ ಹೊರಬಂತು. ಅವರ ಇನ್‌ಸ್ಟಾಗ್ರಾಂ ಪೇಜಿನಲ್ಲಿ ಅರ್ಧಕ್ಕರ್ಧ ಫೋಟೋ ಪಿಂಟರೆಸ್ಟ್‌ನಿಂದ ತಂದವು. ಫಾಲೋವರ್‌ಗಳು ದುಡ್ಡು ಕೊಟ್ಟು ತಂದವರು. ವಿದ್ಯಾನಗರದ ಗ್ರಾಹಕರೊಬ್ಬರು ಒಂದು ಅಡುಗೆಮನೆ ಫೋಟೋ ತೋರಿಸಿ, "ಈ ಮನೆ ಎಲ್ಲೈತಮ್ಮ? ಒಂದ್ಸಲ ಹೋಗಿ ನೋಡ್ಕೊಂಡ್ ಬರಾಣ" ಅಂದರಂತೆ. ಅದು ಯಾವ ದೇಶದ್ದೋ! "ಅವತ್ತಿಂದ ಫೋನ್ ಬಂದ್ರೆ ಎದೆ ಹೊಡ್ಕೊಳ್ಳುತ್ತೆ ಮೇಡಂ."

ಆಕೆ ಮೋಸಗಾರ್ತಿ ಅಲ್ಲ. ಹೆದರಿದ್ದರು. ಬೆಂಗಳೂರಿನವರ ಪೇಜ್ ಮುಂದೆ ನಮ್ಮೂರ ಕೆಲಸ ಯಾರು ನೋಡ್ತಾರೆ ಅನ್ನುವ ಮಾತು ಮೂರು ಸಲ ಬಂತು.

ನಿಮ್ಮದೇ ಕೆಲಸ ಒಂದು ತೋರಿಸಿ ಅಂದೆ. ಸಂಕೋಚದಿಂದಲೇ ತೋರಿಸಿದರು. ಅಡುಗೆಮನೆಯ ಮೂಲೆ. ಕಿಟಕಿ ಕೆಳಗೆ ಗಿಡ್ಡನೆಯ ಕಪ್ಪು ಗ್ರಾನೈಟ್ ಕಟ್ಟೆ, ಪಕ್ಕದಲ್ಲೇ ಒಲೆ. ಆ ಮನೆಯ ಅಜ್ಜಿಗೆ ನಿಂತು ಜೋಳದ ರೊಟ್ಟಿ ಬಡಿಯಲು ಆಗುವುದಿಲ್ಲ, ನೆಲಕ್ಕೆ ಕೂತರೆ ಏಳಲು ಆಗುವುದಿಲ್ಲ. ಅಜ್ಜಿಯನ್ನು ಸ್ಟೂಲ್ ಮೇಲೆ ಕೂರಿಸಿ, ಕೈ ಎಲ್ಲಿಗೆ ಬರುತ್ತದೆ ಅಂತ ಟೇಪ್ ಹಿಡಿದು ಅಳೆದು ಕಟ್ಟಿಸಿದ್ದರು. ಹಿಟ್ಟು ಕೆಳಗೆ ಉದುರದಂತೆ ಅಂಚಿಗೊಂದು ಪಟ್ಟಿ. ಇದನ್ನು ಯಾಕೆ ಹಾಕಿಲ್ಲ? "ಮಾಮೂಲಿ ಅಲ್ವಾ ಮೇಡಂ." ನನಗಂತೂ ಇಡೀ ಪೇಜಿನಲ್ಲಿ ಇಷ್ಟು ಚೆಂದದ್ದು ಕಾಣಲಿಲ್ಲ.

ಬೇರೆಯವರ ಫೋಟೋ ತೆಗೆದುಬಿಡಿ ಅಂದೆ. ಕಂಪ್ಯೂಟರ್‌ನಲ್ಲಿ ಮಾಡಿದ 3ಡಿ ಚಿತ್ರವಾದರೆ ಹಾಗೆಂದೇ ಬರೆಯಿರಿ. ಮನೆಯವರನ್ನು ಕೇಳದೆ ಅವರ ಮನೆ ಫೋಟೋ ಹಾಕಬೇಡಿ. ವಾರಕ್ಕೆ ಒಂದು ಪೋಸ್ಟ್ ಸಾಕು. ಸಿಂಕ್ ಕೆಳಗೆ ನೀರು ತಡೆಯುವ 710 ಗ್ರೇಡಿನ ಪ್ಲೈವುಡ್ ಯಾಕೆ, ಏಪ್ರಿಲ್ ಬಿಸಿಲಿಗೆ ಪಶ್ಚಿಮದ ಗೋಡೆ ಕಾಯದಂತೆ ಏನು ಮಾಡಬಹುದು, ಇಂಥದ್ದನ್ನೇ ಅಲ್ವಾ ಜನ ನಿಮ್ಮನ್ನು ಕೇಳುವುದು? ಬೇರೆಯವರ ಪೋಸ್ಟಿನ ಲೈಕ್ ಸಂಖ್ಯೆ ಕಾಣದಂತೆ ಮಾಡುವ ಅವಕಾಶ 2021ರಿಂದ ಇದೆ. ಅಲ್ಲೇ ಕೂತು ಸೆಟ್ ಮಾಡಿದೆವು. ರಾತ್ರಿ ಫೋನ್ ಹಾಲ್‌ನಲ್ಲಿ ಇರಲಿ ಅಂದೆ.

ಕಷ್ಟವಾಗಿದ್ದು ಆ ಗ್ರಾಹಕರಿಗೆ ನಿಜ ಹೇಳುವುದು. ಏನು ಹೇಳಬೇಕು ಅಂತ ಇಬ್ಬರೂ ಬರೆದು, ಜೋರಾಗಿ ಓದಿ ನೋಡಿದೆವು. "ಸರ್, ಆ ಫೋಟೋ ನಂದಲ್ಲ, ತಪ್ಪಾಯ್ತು. ನಾನು ಮಾಡಿದ ಅಡುಗೆಮನೆ ಒಂದಿದೆ, ಬನ್ನಿ ತೋರಿಸ್ತೀನಿ."

ಆ ಕೆಲಸ ಅವರಿಗೆ ಸಿಗಲಿಲ್ಲ. ಆದರೆ ಅವತ್ತು ರಾತ್ರಿ ನಿದ್ದೆ ಬಂತಂತೆ. ಮುಂದಿನ ವಾರ ಕಟ್ಟೆಯ ಫೋಟೋ ಹಾಕಿದರು, ಅಜ್ಜಿಯ ಹಿಟ್ಟಿನ ಕೈ ಮಾತ್ರ ಕಾಣುವಂತೆ. ಕಟ್ಟೆ ಎತ್ತರ ಎಷ್ಟು ಅಂತ ಹರಿಹರದಿಂದ ಒಬ್ಬರು ಕೇಳಿದ್ದಾರೆ.